ಕಿರುಬೆರಳು

ಎರಡು ಸಲ ತಟ್ಟಿದರೂ ಪಟ್ಟಿ ಸುಮ್ಮನಾಗಲಿಲ್ಲ. ಮೇಜಿನ ಗಾಜಿನ ಮೇಲೆ ಬೋರಲಾಗಿ ಬಿದ್ದುಕೊಂಡು, ಗುರುಗುಟ್ಟುತ್ತ, ಅಂಗುಲ ಅಂಗುಲವಾಗಿ ಅಂಚಿನ ಕಡೆ ಸರಿಯುತ್ತಿತ್ತು. ಒಂದು ಉದ್ದ, ಒಂದು ಗಿಡ್ಡ. ಒಂದು ಉದ್ದ, ಒಂದು ಗಿಡ್ಡ. ಇದ್ದೀಯಾ? ಇದ್ದೀಯಾ? ಅವನು ಬೆರಳ ಗೆಣ್ಣಿನಿಂದ ಬಲವಾಗಿ ಮತ್ತೆರಡು ಏಟು ಕೊಟ್ಟ. ಇದ್ದೀನಿ. ಪಟ್ಟಿ ನಿಂತಿತು.

"ಚರ್ಮ ಸಿಗದಿದ್ರೆ ಅರ್ಧ ಗಂಟೆಗೊಂದ್ಸಲ ಹೀಗೆ ಬಡ್ಕೊಳ್ಳುತ್ತೆ ಸಾರ್," ಎಂದ ಟೇಪ್. "ನೀವೇ ಬರೆದ ನಿಯಮ."

"ಗೊತ್ತು."

ಟೇಪ್ ಆ ಪ್ರಯೋಗಾಲಯದ ತಂತ್ರಜ್ಞ. ಐವತ್ತು ದಾಟಿದವನು. ಬೇಕಾದಾಗ ಸಿಗಲಿ ಅಂತ ಮಣಿಕಟ್ಟಿಗೆ ಕಪ್ಪು ಟೇಪನ್ನು ಬಳೆಯ ಹಾಗೆ ಸುತ್ತಿಕೊಂಡಿರುತ್ತಿದ್ದ. ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಪಟ್ಟಿ ಎಂದರೆ ಅಂಗೈಯಿಂದ ಮಣಿಕಟ್ಟಿನವರೆಗೆ ಬಿಗಿಯುವ ಬಟ್ಟೆಯ ಕವಚ. ಒಳಗೆ ಬಟಾಣಿ ಕಾಳಿನಷ್ಟು ದಪ್ಪದ ಎಂಟು ಮೋಟಾರುಗಳು. ಕಿವಿಯೂ ಕೇಳದ, ಕಣ್ಣೂ ಕಾಣದ ಜನರ ಜೊತೆ ಕಂಪ್ಯೂಟರು ಇದರ ಮೂಲಕ ಮಾತಾಡುತ್ತದೆ. ಅವರು ಪಟ್ಟಿಯನ್ನು ತಟ್ಟಿ, ಒತ್ತಿ ಉತ್ತರ ಕೊಡುತ್ತಾರೆ. ವರದಿಯ ಮೊದಲ ಪುಟದಲ್ಲಿ ಅವನು ಬರೆದಿದ್ದ: 'ಮನುಷ್ಯನಿಗೂ ಯಂತ್ರಕ್ಕೂ ನಡುವೆ ಈಗ ಬಳಕೆಯಲ್ಲಿರುವ ದಾರಿಗಳು ಮೂರು. ಕಣ್ಣು, ಕಿವಿ, ಚರ್ಮ. ಮೂಗು ಮತ್ತು ನಾಲಿಗೆಯಿಂದ ಸದ್ಯಕ್ಕೆ ಹೆಚ್ಚಿನ ಪ್ರಯೋಜನವಿಲ್ಲ.' ಇದನ್ನು ಓದಿ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಜೋರಾಗಿ ನಕ್ಕಿದ್ದರು. ಅವನು ತಮಾಷೆಗೆಂದು ಬರೆದಿರಲಿಲ್ಲ.

ಗಾಜಿನ ಆಚೆ, ಪರೀಕ್ಷೆಯ ಕೋಣೆಯಲ್ಲಿ, ಅಕ್ಕ ಕೂತಿದ್ದಳು.

ಕುರ್ಚಿಯ ತುದಿಯಲ್ಲಿ, ಯಾರದೋ ಮನೆಗೆ ಹೆಣ್ಣು ಕೇಳಲು ಬಂದವಳ ಹಾಗೆ ನೆಟ್ಟಗೆ ಕೂತು, ಕತ್ತನ್ನು ನಿಧಾನವಾಗಿ ತಿರುಗಿಸಿ ಕೋಣೆಯನ್ನು ಚೂರುಚೂರಾಗಿ ನೋಡುತ್ತಿದ್ದಳು. ಅವಳಿಗೆ ಕಾಣುವುದು ಈಗ ಲೋಟದ ಬಾಯಿಯಷ್ಟು ಅಗಲ. ಸುತ್ತಲೂ ಮಸುಕು. ಇನ್ನು ಎಂಟು ತಿಂಗಳೋ ಹತ್ತು ತಿಂಗಳೋ, ಅದೂ ಮುಚ್ಚಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಕಿವಿ ಒಂಬತ್ತನೆಯ ವರ್ಷದ ಜ್ವರದಲ್ಲೇ ಹೋಗಿತ್ತು.

ಅವನ ಜೇಬಿನಲ್ಲಿ ಫೋನು ನಡುಗಿತು. ಹೆಂಡತಿ. 'ಅಕ್ಕನಿಗೆ ಹೇಳಿದ್ರಾ?'

ಅವನು ಫೋನನ್ನು ಮತ್ತೆ ಜೇಬಿಗಿಟ್ಟ.

ಹೇಳಬೇಕಾಗಿದ್ದದ್ದು ಇಷ್ಟೇ. ರೈಲಿನಲ್ಲಿ ಒಂಬತ್ತು ಗಂಟೆ ದೂರದಲ್ಲಿ ಇಂಥವರಿಗಾಗಿ ಒಂದು ವಸತಿ ಕೇಂದ್ರವಿದೆ. ಅಲ್ಲಿ ಎಲ್ಲರೂ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಪಟ್ಟಿಯ ಪರೀಕ್ಷೆಯಲ್ಲಿ ಪಾಸಾದ ಮೊದಲ ಹತ್ತು ಮಂದಿಗೆ ಜಾಗ. ಅರ್ಜಿಯನ್ನು ಅವನು ಹೋದ ತಿಂಗಳೇ ತುಂಬಿದ್ದ. ಬಾಕಿ ಇದ್ದದ್ದು ಅಕ್ಕನ ಸಹಿ. ಪಾಸಾದರೆ ಅಕ್ಕನಿಗೆ ಕತ್ತಲಲ್ಲೂ ಮಾತು ಸಿಗುತ್ತದೆ. ಅವನಿಗೆ ಅಕ್ಕನಿಂದ ಬಿಡುಗಡೆ ಸಿಗುತ್ತದೆ. ಎರಡನ್ನೂ ಒಟ್ಟಿಗೆ ಬಯಸುವುದು ತಪ್ಪೇ ಎಂದು ಅವನು ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದ, ಮತ್ತು ಪ್ರತಿ ಸಲವೂ ಬೇರೆ ಏನನ್ನೋ ಯೋಚಿಸಿದ್ದ.

"ಹೇಳಿಬಿಡಿ," ಎಂದಿದ್ದಳು ಹೆಂಡತಿ ಬೆಳಿಗ್ಗೆ ಕೂಡ. "ಹೋಗ್ತೀನಿ ಅಂದ್ರೆ ಹೋಗ್ಲಿ, ಇಲ್ಲ ಅಂದ್ರೆ ಇರ್ಲಿ. ನಂಗೇನೂ ಭಾರ ಇಲ್ಲ. ಆದ್ರೆ ಹೇಳ್ದೆ ಸಹಿ ಮಾತ್ರ ಹಾಕಿಸ್ಬೇಡಿ, ಪಾಪ."

ಭಾರ ಹೆಂಡತಿಗಿರಲಿಲ್ಲ. ಅವಳು ದೊಡ್ಡ ಅಕ್ಷರದಲ್ಲಿ ಸ್ಲೇಟಿನ ಮೇಲೆ 'ಊಟಕ್ಕೆ ಬನ್ನಿ' ಎಂದು ಬರೆದು ತೋರಿಸುತ್ತಿದ್ದಳು, ಅಷ್ಟರಲ್ಲಿ ಇಬ್ಬರಿಗೂ ಸಾಕಾಗುತ್ತಿತ್ತು. ಭಾರ ಅವನಿಗೆ. ಕಣ್ಣು ಕುಗ್ಗಿದಷ್ಟೂ ಅಕ್ಕನ ಕೈ ಬೆಳೆಯುತ್ತಿತ್ತು. ಬಂದವನು ಅವನೇ ಹೌದೋ ಎಂದು ತೋಳು ಮುಟ್ಟುವುದು, ಗಡ್ಡ ಹೆರೆದಿದ್ದಾನೋ ಎಂದು ಕೆನ್ನೆ ಸವರುವುದು, ಸುಮ್ಮನೆ ಅಂಗಿಯ ಚುಂಗು ಹಿಡಿದು ಕೂರುವುದು. ದಿನವಿಡೀ ಕಚೇರಿಯಲ್ಲಿ ಸ್ಪರ್ಶವನ್ನು ಅಳೆದು, ತೂಗಿ, ಕೋಷ್ಟಕಕ್ಕೆ ಏರಿಸಿ ಮನೆಗೆ ಹೋದರೆ ಅಲ್ಲಿಯೂ ಸ್ಪರ್ಶ. ಅವನ ಮೈ ಮುದುಡುತ್ತಿತ್ತು. ಒಡಹುಟ್ಟಿದವಳ ಕೈ ಕಂಡರೆ ಹೇಸಿಗೆಯಾಗುತ್ತದಲ್ಲ ಎಂದು ನಾಚಿಕೆಯೂ ಆಗುತ್ತಿತ್ತು. ಅವಳ ಕೈ ತನ್ನ ಕಡೆ ಬರುವ ಮೊದಲೇ ಎದ್ದು ನೀರು ಕುಡಿಯಲು ಹೋಗುತ್ತಿದ್ದ. ಇತ್ತೀಚೆಗೆ ಅವನು ದಿನಕ್ಕೆ ಬಹಳ ನೀರು ಕುಡಿಯುತ್ತಿದ್ದ.

"ಶುರು ಮಾಡೋಣ್ವಾ ಸಾರ್?"

"ಮಾಡಿ."

ಟೇಪ್ ಒಳಗೆ ಹೋಗಿ ಅಕ್ಕನ ಎಡಗೈಗೆ ಪಟ್ಟಿ ಬಿಗಿದ. ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದ. ನಿಯಮ ಸ್ಪಷ್ಟವಾಗಿತ್ತು, ಅದನ್ನೂ ಅವನೇ ಬರೆದಿದ್ದ: ಕಣ್ಣಿನ ಬಟ್ಟೆಯನ್ನು ಪರೀಕ್ಷೆಗೆ ಕೂತವರು ತಾವಾಗಿ ಬಿಚ್ಚುವವರೆಗೆ ಯಾರೂ ಒಳಗೆ ಹೋಗಬಾರದು, ಯಾರೂ ಮುಟ್ಟಬಾರದು. ಮುಟ್ಟಿದರೆ ಫಲಿತಾಂಶ ರದ್ದು.

ಮೊದಲ ಸಂಕೇತ ಹೋಯಿತು. ಅಂಗೈಯಲ್ಲಿ ಒಂದು ಸುತ್ತು, ನಡುವೆ ಒಂದು ಚುಕ್ಕೆ.

"ಹಸಿವು," ಎಂದಳು ಅಕ್ಕ, ಕಿವಿ ಕೇಳದವರ ಎತ್ತರಿಸಿದ, ಏರಿಳಿತವಿಲ್ಲದ ದನಿಯಲ್ಲಿ. ಆಮೇಲೆ ನಕ್ಕಳು.

ನಗದೆ ಏನು ಮಾಡಿಯಾಳು? ಆ ಸುತ್ತನ್ನೂ ಚುಕ್ಕೆಯನ್ನೂ ಮಾಡಿದವಳೇ ಅವಳು. ಮೂವತ್ತಾರು ವರ್ಷಗಳ ಹಿಂದೆ, ಊಟದ ಮೇಜಿನ ಅಡಿಯಲ್ಲಿ. ಮಗಳು ಮೂಗಿಯ ಹಾಗೆ ಕೈ ಆಡಿಸುವುದು ಅಪ್ಪನಿಗೆ ಸಹಿಸಲಾಗುತ್ತಿರಲಿಲ್ಲ. ಮೇಜಿನ ಮೇಲೆ ಅಪ್ಪ ಮೌನವಾಗಿ ಉಣ್ಣುತ್ತಿದ್ದರೆ, ಕೆಳಗೆ ಒಂಬತ್ತರ ಅಕ್ಕ ಐದರ ತಮ್ಮನ ಅಂಗೈಯಲ್ಲಿ ಗೀಚುತ್ತಿದ್ದಳು. ಹಸಿವು. ಸಾಕು. ಬಾ. ಅಪ್ಪನಿಗೆ ಕೋಪ. ಇದ್ದೀಯಾ? ಇದ್ದೀನಿ. ಹೀಗೆ ಬೆಳೆದು ಬೆಳೆದು ಮೂವತ್ತಮೂರು ಮಾತುಗಳಾಗಿದ್ದವು.

ಅವನಿಗೆ ಈ ಕೆಲಸ ಸಿಕ್ಕಿದ್ದೇ ಅದರಿಂದ. ಇಂಟರ್ವ್ಯೂನಲ್ಲಿ ಎಲ್ಲರೂ ಕಾಗದದ ಮೇಲೆ ನಕ್ಷೆ ಬರೆಯುತ್ತಿದ್ದಾಗ ಅವನು ಮೇಡಂ ಅವರ ಅಂಗೈ ಕೇಳಿ ಪಡೆದು 'ಬಾ' ಎಂದು ಗೀಚಿದ್ದ. ಅವರಿಗೆ ಮೈ ಜುಮ್ಮೆಂದಿತ್ತಂತೆ. ಆಮೇಲೆ ಮೂರು ವಾರ ಅವನ ಬೆರಳುಗಳಿಗೆ ತಂತಿ ಕಟ್ಟಿ ಒತ್ತಡ, ವೇಗ, ತಡವರಿಕೆ ಎಲ್ಲವನ್ನೂ ದಾಖಲಿಸಿಕೊಂಡರು. ಪಟ್ಟಿ ಈಗ ಅವನ ಬೆರಳಿನ ಹಾಗೆಯೇ ಗೀಚುತ್ತಿತ್ತು, ಅವನು ಬೇರೆ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದರೂ.

ಅಕ್ಕನನ್ನು ಕೇಳಿದ್ದನೇ? ಇಲ್ಲ. ಆಮೇಲೆ ಹೇಳಿದ್ದ. "ಒಳ್ಳೇದಾಯ್ತಲ್ಲೋ ಗುಂಡ, ಎಲ್ರಿಗೂ ಉಪಯೋಗ ಆಗ್ಲಿ," ಎಂದಿದ್ದಳು. ಕಡ್ಡಿಯ ಹಾಗಿದ್ದ ತಮ್ಮನನ್ನು ಅವಳು ಗುಂಡ ಎಂದೇ ಕರೆಯುತ್ತಿದ್ದಳು.

"ಹತ್ತೊಂಬತ್ತಕ್ಕೆ ಹತ್ತೊಂಬತ್ತು," ಎಂದ ಟೇಪ್ ಬೆರಗಾಗಿ. "ಇಷ್ಟು ದಿನದಲ್ಲಿ ಹದಿನಾಲ್ಕು ದಾಟಿದವರಿಲ್ಲ."

ಒಳಗೆ ಅಕ್ಕ ಗಟ್ಟಿಯಾಗಿ ಗದರಿದಳು: "ಏ ಗುಂಡ, ಯಾಕೋ ಇಷ್ಟು ಒತ್ತುತೀಯ? ಮೆಲ್ಲಗೆ ಬರೆಯೋ!"

ಟೇಪ್ ಪೆನ್ನು ಎತ್ತಿ ಹಿಡಿದ. "ಇದನ್ನ ಏನಂತ ಬರೀಲಿ ಸಾರ್?"

"ಬರೀಬೇಡಿ."

ಅವಳು ಅವನೇ ಬರೆಯುತ್ತಿದ್ದಾನೆ ಎಂದುಕೊಂಡಿದ್ದಳು. ಗಾಜಿನ ಈಚೆ ಕೂತು ತನ್ನ ಬೆರಳು ತನ್ನಿಂದ ದೂರ ಅಕ್ಕನ ಜೊತೆ ಹರಟೆ ಹೊಡೆಯುವುದನ್ನು ನೋಡುತ್ತ ಅವನಿಗೆ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು. ಅವಳ ಮುಖದಲ್ಲಿ ಅಂಥ ಗೆಲುವನ್ನು ಕಂಡು ಎಷ್ಟೋ ವರ್ಷವಾಗಿತ್ತು. ಅಷ್ಟು ಗೆಲುವು ಕೊಡಲು ಎಂಟು ಮೋಟಾರು ಸಾಕಾಗಿತ್ತು.

ಮೂವತ್ತು. ಮೂವತ್ತೊಂದು. ಮೂವತ್ತೆರಡು.

"ನಾಳೆ," ಎಂದಳು ಅಕ್ಕ. ಅದು ಕೊನೆಯ ಸಂಕೇತ. ಮೂವತ್ತೆರಡಕ್ಕೆ ಮೂವತ್ತೆರಡು.

ಟೇಪ್ ಚಪ್ಪಾಳೆ ತಟ್ಟಿದ. ಅಕ್ಕ ಮಾತ್ರ ಕಣ್ಣಿನ ಬಟ್ಟೆ ಬಿಚ್ಚಲಿಲ್ಲ. ಪಟ್ಟಿ ಕಟ್ಟಿದ ಕೈಯನ್ನು ಮುಂದೆ ಚಾಚಿ, ಕಿರುಬೆರಳನ್ನು ಉಳಿದವುಗಳಿಂದ ಅಗಲಿಸಿ ಹಿಡಿದಳು. ಹಾಗೇ ಕಾದಳು.

ಅವನು ಎದ್ದು ಗಾಜಿನ ಹತ್ತಿರ ಬಂದ.

ಮೂವತ್ತಮೂರನೆಯದು. ಅದನ್ನು ಅವನು ಮರೆತಿರಲಿಲ್ಲ, ಅಳಿಸಿದ್ದ. ಅವನಿಗೆ ಆರು ವರ್ಷವಾಗಿದ್ದಾಗ ಅಮ್ಮ ಆಸ್ಪತ್ರೆಯಲ್ಲಿದ್ದಳು. ಒಂದು ಮಧ್ಯಾಹ್ನ ಬೇಸರ ಕಳೆಯಲು ಅವನು ಅಕ್ಕನ ಅಂಗೈಯಲ್ಲಿ 'ಅಮ್ಮ ಬಂದ್ಲು' ಎಂದು ಗೀಚಿದ. ಅಕ್ಕ ಬಾಗಿಲಿಗೆ ಓಡಿದಳು. ಅಲ್ಲಿ ಯಾರೂ ಇರಲಿಲ್ಲ. ಅಮ್ಮ ಆಮೇಲೂ ಬರಲಿಲ್ಲ. ಅವಳು ಅವನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಒಂದು ಕಾನೂನು ಮಾಡಿದಳು. ಇನ್ನು ಮೇಲೆ ಹೇಳಿದ್ದು ನಿಜವಾಗಿದ್ದರೆ ಕೊನೆಗೆ ಕಿರುಬೆರಳು ಚಿವುಟಬೇಕು. ಚಿವುಟದ ಮಾತು ಮಾತಲ್ಲ. ಅದಾದ ಮೇಲೆ ಅವನು ಎಷ್ಟೋ ಜನರ ಹತ್ತಿರ ಎಷ್ಟೋ ಸುಳ್ಳು ಹೇಳಿದ್ದ. ಅಕ್ಕನ ಕಿರುಬೆರಳು ಚಿವುಟಿ ಮಾತ್ರ ಒಂದೂ ಹೇಳಿರಲಿಲ್ಲ.

"ಇದರ ಅರ್ಥ ಏನು?" ಎಂದು ಕೇಳಿದ್ದರು ಮೇಡಂ, ಯೋಜನೆಯ ಕಾಗದದಲ್ಲಿ ಕೊನೆಯ ಸಾಲಿಗೆ ಬೆರಳಿಟ್ಟು.

"ಅರ್ಥ ಏನಿಲ್ಲ ಮೇಡಂ. ಹೇಳಿದ್ದು ನಿಜ, ಹೇಳಿದವನು ನಾನೇ ಅಂತ."

"ಯಂತ್ರಕ್ಕೆ ಅದ್ಯಾಕ್ರೀ? ಯಂತ್ರ ಸುಳ್ಳು ಹೇಳಲ್ವಲ್ಲ. ಒಂದು ಬೆರಳಿಗೋಸ್ಕರ ಇನ್ನೊಂದು ಮೋಟಾರು ಬೇರೆ."

"ಹೌದು ಮೇಡಂ," ಎಂದು ಅವನೇ ಆ ಸಾಲಿನ ಮೇಲೆ ಗೀಟು ಹಾಕಿದ್ದ.

"ಕೈ ಯಾಕೆ ಹಾಗೆ ಇಟ್ಕೊಂಡಿದಾರೆ ಸಾರ್?" ಟೇಪ್ ಗಾಜಿಗೆ ಮೂಗು ಒತ್ತಿ ಕೇಳಿದ. "ಏನಾದ್ರೂ ಬೇಕಂತಾ?"

"ಆಯಾಸ ಇರ್ಬೇಕು."

"ಹೋಗಿ ನೋಡ್ಲಾ?"

"ಬಟ್ಟೆ ಬಿಚ್ಚಿಲ್ಲ. ಈಗ ಮುಟ್ಟಿದ್ರೆ ರದ್ದಾಗುತ್ತೆ."

ಬಾಗಿಲು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಒಳಗೆ ಹೋಗಿ ಎರಡು ಬೆರಳಿನಲ್ಲಿ ಹಗುರವಾಗಿ ಚಿವುಟಿದ್ದರೆ ಮುಗಿಯುತ್ತಿತ್ತು. ಮೂವತ್ತೆರಡು ಅಂಕವೂ ಮುಗಿಯುತ್ತಿತ್ತು, ವಸತಿ ಕೇಂದ್ರವೂ. ಅವನು ಗಡಿಯಾರ ನೋಡಿದ. ನಲವತ್ತೇಳು ಸೆಕೆಂಡು ಕಳೆದ ಮೇಲೆ ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. ಅವಳ ಮುಖದಲ್ಲಿದ್ದ ಗೆಲುವು ಇಳಿದುಹೋಗಿತ್ತು.

"ಓ," ಎಂದಳು. "ನೀನಲ್ಲ."

ಟೇಪ್ ಅದನ್ನು ಬರೆದುಕೊಂಡ. ಸಂಬಂಧವಿಲ್ಲದ ಉತ್ತರಗಳಿಗೆ ವರದಿಯಲ್ಲಿ ಬೇರೆ ಅಂಕಣವಿತ್ತು.

*

ಮೇಡಂ ಎದ್ದು ನಿಂತು ಅಕ್ಕನ ಕೈ ಕುಲುಕಿದರು. ಬಹಳ ಹೊತ್ತು ಕುಲುಕಿದರು. "ಅಭಿನಂದನೆ ಅಂತ ಹೇಳಿ ಅವರಿಗೆ," ಎಂದರು ಅವನಿಗೆ. ಅಕ್ಕ ಅವರ ತುಟಿಯನ್ನೇ ನೋಡುತ್ತಿದ್ದಳು, ಹೇಳಬೇಕಾಗಿರಲಿಲ್ಲ.

ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು ಪರೀಕ್ಷೆಯ ಒಪ್ಪಿಗೆ ಪತ್ರ. ಇನ್ನೊಂದು ಅದರ ಅಡಿಯಲ್ಲಿತ್ತು.

"ಅವರಿಗೆ ಎಲ್ಲಾ ವಿವರಿಸಿದೀರಿ ತಾನೆ?" ಎಂದರು ಮೇಡಂ.

"ವಿವರಿಸಿದೀನಿ."

"ಹೊರಡೋದು ಮುಂದಿನ ವಾರ. ಅಲ್ಲೀವರೆಗೆ ಪಟ್ಟಿ ಮನೇಲೇ ಇರ್ಲಿ, ಅಭ್ಯಾಸ ಆಗುತ್ತೆ." ಅವರು ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. "ನಿಮ್ಮಂಥ ತಮ್ಮ ಎಷ್ಟು ಜನಕ್ಕೆ ಸಿಗ್ತಾನೆ ಹೇಳಿ."

ಅವನು ಪೆನ್ನನ್ನು ಅಕ್ಕನ ಕೈಗಿಟ್ಟ. ಅಕ್ಕ ಮೊದಲ ಕಾಗದವನ್ನು ಮುಖದ ಹತ್ತಿರ ತಂದು, ಲೋಟದ ಬಾಯಿಯಷ್ಟು ಜಾಗದಲ್ಲಿ ಒಂದೊಂದೇ ಪದ ಓದಿ, ಸಹಿ ಹಾಕಿದಳು. ಅದಕ್ಕೆ ಆರು ನಿಮಿಷ ಹಿಡಿಯಿತು. ಎರಡನೆಯದನ್ನು ಅವನು ಅವಳ ಕೈಗೆ ಕೊಡಲಿಲ್ಲ. ಮೇಜಿನ ಮೇಲೇ ಹಿಡಿದು, ಮುಂಗೈಯನ್ನು ಮೇಲಿನ ಸಾಲುಗಳ ಮೇಲೆ ಊರಿ, ಸಹಿಯ ಜಾಗದಲ್ಲಿ ತೋರುಬೆರಳಿಟ್ಟ. ಅಕ್ಕ ಬಗ್ಗಿದಳು. ಅವಳ ಕತ್ತು ಒಂದೆಡೆ ಕೊಂಚ ನಿಂತಿತು. ಆಮೇಲೆ ಅವನ ಬೆರಳು ತೋರಿದಲ್ಲಿ, ಶಾಲೆಯ ಮಕ್ಕಳ ಹಾಗೆ ಅಕ್ಷರ ಬಿಡಿಸಿ ಸಹಿ ಹಾಕಿದಳು.

ಫೋನು ನಡುಗಿತು. 'ಹೇಳಿದ್ರಾ?' ಈ ಸಲ ಅವನು 'ಹೂಂ' ಎಂದು ಕಳಿಸಿದ. ಅದು ಎಷ್ಟು ಸುಲಭವಾಗಿತ್ತೆಂದರೆ ಅವನಿಗೇ ಆಶ್ಚರ್ಯವಾಯಿತು.

ಟೇಪ್ ಪಟ್ಟಿಯನ್ನು ಡಬ್ಬಿಗೆ ಹಾಕದೆ ಹಾಗೇ ಅವನ ಕೈಚೀಲದಲ್ಲಿಟ್ಟುಕೊಟ್ಟ. "ಸ್ವಿಚ್ ಆರಿಸಿಲ್ಲ ಸಾರ್. ಆರಿಸಿದ್ರೆ ಕಲ್ತಿದ್ದು ಸ್ವಲ್ಪ ಮರ್ತುಬಿಡುತ್ತೆ. ಕೂಗಿದ್ರೆ ಎರಡು ತಟ್ಟಿ."

*

ಸಂಜೆಯ ಬಸ್ಸು ತುಂಬಿತ್ತು. ಅಕ್ಕನ ಕತ್ತು ಅತ್ತಿತ್ತ ತಿರುಗುವುದನ್ನು ಕಂಡು ಯಾರೋ ಎದ್ದು ಜಾಗ ಕೊಟ್ಟರು. ಪಕ್ಕದವರು ಮುಂದಿನ ನಿಲ್ದಾಣದಲ್ಲಿ ಇಳಿದಾಗ ಅವನಿಗೂ ಸಿಕ್ಕಿತು. ಅಕ್ಕ ಕಿಟಕಿಯ ಕಡೆ, ಅವನು ಓಡಾಡುವ ದಾರಿಯ ಕಡೆ. ಕೈಚೀಲ ಅವನ ತೊಡೆಯ ಮೇಲಿತ್ತು.

"ಗುಂಡ," ಎಂದಳು ಅಕ್ಕ. ಅವಳ ಪಿಸುಮಾತು ಮೂರು ಸಾಲಿಗೆ ಕೇಳಿಸುತ್ತಿತ್ತು. "ಎರಡನೇ ಕಾಗದದಲ್ಲಿ 'ಖಾಯಂ' ಅಂತಿತ್ತು."

ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿದಳು.

"ಏನು ಖಾಯಂ?"

ತುಟಿ ಆಡಿಸಿದರೆ ಅವಳಿಗೆ ಕಾಣುವಷ್ಟು ಬೆಳಕಿರಲಿಲ್ಲ. ಅವನು ಅವಳ ಅಂಗೈ ಎಳೆದುಕೊಂಡ. ಅದು ಬೆಚ್ಚಗಿತ್ತು, ಪಟ್ಟಿ ಬಿಗಿದಲ್ಲಿ ಗೆರೆ ಮೂಡಿತ್ತು. ಎಷ್ಟು ತಿಂಗಳಾಗಿತ್ತು ಅವನು ತಾನಾಗಿ ಈ ಕೈ ಹಿಡಿದು? ಹೇಳಿಬಿಡಬಹುದಿತ್ತು. ಮೂರೇ ಗೀಚು: ನೀನು, ದೂರ, ಹೋಗು. ಅವಳು ಅಳುತ್ತಿದ್ದಳೋ, ಬೈಯುತ್ತಿದ್ದಳೋ, ಅಥವಾ 'ಅಷ್ಟೇನಾ, ಹೋಗ್ತೀನಿ ಬಿಡು' ಎನ್ನುತ್ತಿದ್ದಳೋ. ಮೂರನೆಯದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು. ಅವನ ಬೆರಳು ತಾನಾಗಿಯೇ, ಸಂಕೇತವಿಲ್ಲದ ಮಾತುಗಳನ್ನು ಅಕ್ಷರ ಬಿಡಿಸಿ, ಬರೆಯಿತು.

"ಪಟ್ಟಿ. ಇನ್ಮೇಲೆ ನಿಂದೇ. ಖಾಯಂ."

"ಅಷ್ಟೇನಾ?"

"ಅಷ್ಟೇ."

"ನನ್ನ ಎಲ್ಲಿಗೂ ಕಳಿಸಲ್ಲ ತಾನೆ?"

ಅವನ ಬೆರಳು ಅವಳ ಅಂಗೈಯ ನಡುವೆ ನಿಂತಿತು. ಆಮೇಲೆ ಒಂದು ಅಡ್ಡ ಗೀಟು ಎಳೆಯಿತು. ಇಲ್ಲ.

ಅಕ್ಕ ಅಂಗೈ ಬಿಡಿಸಿಕೊಂಡಳು. ಅದೇ ಕೈಯನ್ನು ಎದುರಿನ ಸೀಟಿನ ಕಂಬಿಯ ಮೇಲೆ, ಅವನ ಕಡೆಗೆ ಬರುವ ಹಾಗೆ ಇಟ್ಟು, ಕಿರುಬೆರಳನ್ನು ಬಿಡಿಸಿ ಹಿಡಿದಳು. ಮುಖ ಕಿಟಕಿಯ ಕಡೆಗಿತ್ತು. ಅವಳು ಒತ್ತಾಯ ಮಾಡುತ್ತಿರಲಿಲ್ಲ. ಕಾಯುತ್ತಿದ್ದಳು.

ಅವನು ಆ ಬೆರಳನ್ನು ನೋಡಿದ. ಗಿಡ್ಡ, ತುದಿ ತುಸು ಡೊಂಕು. ಉಗುರಿನ ಪಕ್ಕದಲ್ಲಿ ಪೆನ್ನಿನ ಶಾಯಿ ಅಂಟಿತ್ತು. ಚಿವುಟಿದರೆ ಅವನ ಜನ್ಮದಲ್ಲಿ ಆ ಬೆರಳಿಗೆ ಹೇಳಿದ ಮೊದಲ ಸುಳ್ಳು. ಚಿವುಟದಿದ್ದರೆ ಅದೇ ಉತ್ತರ. ಅವಳಿಗೆ ಎಲ್ಲ ಗೊತ್ತಾಗಿಬಿಡುತ್ತದೆ, ಅವನು ಬಾಯಿ ಬಿಟ್ಟು ಹೇಳುವ ಕಷ್ಟವೂ ಇಲ್ಲ. ಚಿವುಟಬಾರದು ಎಂದುಕೊಂಡ. ಒಂದಾದರೂ ಉಳಿಯಲಿ. ಎರಡೂ ಕೈಗಳನ್ನು ಚೀಲದ ಮೇಲೆ ಊರಿ ಬಿಗಿಯಾಗಿ ಕೂತ. ಅವನ ಕಣ್ಣು ತುಂಬಿ ಬಂತು, ಮತ್ತು ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಬಸ್ಸು ಗಕ್ಕನೆ ಬ್ರೇಕು ಹಾಕಿತು. ಇಳಿಯಲು ಎದ್ದು ನಿಂತಿದ್ದ ಯಾರೋ ಗಂಡಸು, ಒಂದು ಕೈಯಲ್ಲಿ ತರಕಾರಿ ಚೀಲ, ಮುಗ್ಗರಿಸಿ ಇನ್ನೊಂದು ಕೈಯಿಂದ ಎದುರಿನ ಕಂಬಿಯನ್ನು ಗಪ್ಪನೆ ಹಿಡಿದ. ಅವನ ಬೆರಳುಗಳ ನಡುವೆ ಅಕ್ಕನ ಕಿರುಬೆರಳು ಸಿಕ್ಕಿ ಒತ್ತಿತು. ಒಂದು ಕ್ಷಣ. "ಸಾರಿ ಸಾರಿ," ಎಂದ ಆ ಗಂಡಸು ಯಾರ ಮುಖವನ್ನೂ ನೋಡದೆ, ಮತ್ತು ಬಾಗಿಲ ಕಡೆ ನುಗ್ಗಿ ಇಳಿದುಹೋದ.

ಅಕ್ಕನ ಭುಜಗಳು ಇಳಿದವು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಕಿರುಬೆರಳನ್ನು ಇನ್ನೊಂದು ಮುಷ್ಟಿಯೊಳಗೆ ಇಟ್ಟುಕೊಂಡಳು.

"ಅಬ್ಬಾ," ಎಂದಳು. "ನಾನು ಏನೇನೋ ಅಂದ್ಕೊಂಡುಬಿಟ್ಟಿದ್ದೆ ಕಣೋ. ನೀನು ಚಿವುಟಿದ ಮೇಲೆ ಮುಗೀತು ಬಿಡು."

ಮುಂದಿನ ಸಾಲಿನ ಹೆಂಗಸು ಮತ್ತೆ ತಿರುಗಿ, ಅವಳ ಮುಖ ನೋಡಿ, ತಾನೂ ಸಣ್ಣಗೆ ನಕ್ಕಳು.

ಅಲ್ಲ ಅಕ್ಕ, ಎಂದ ಅವನು. ನಾನಲ್ಲ. ಗಟ್ಟಿಯಾಗಿಯೇ ಎಂದ, ಹೆಂಗಸು ಬೆಚ್ಚಿ ಮುಖ ತಿರುಗಿಸಿಕೊಂಡಳು. ಅಕ್ಕನಿಗೆ ಕೇಳಿಸಲಿಲ್ಲ. ಅವಳು ತಲೆಯನ್ನು ಕಿಟಕಿಗೆ ಆನಿಸಿ ಕಣ್ಣು ಮುಚ್ಚಿದ್ದಳು. ಈಗ ಉಳಿದದ್ದು ಒಂದೇ ದಾರಿ. ಆ ಮುಷ್ಟಿ ಅವನಿಂದ ಒಂದು ಗೇಣು ದೂರದಲ್ಲಿತ್ತು. ಅದನ್ನು ಬಿಡಿಸಿ, ಅಂಗೈ ಅಗಲಿಸಿ, ಅಡ್ಡ ಗೀಟಿನ ಮೇಲೆ ಇನ್ನೊಂದು ಅಡ್ಡ ಗೀಟು ಎಳೆಯಬೇಕು. ಅವನು ತನ್ನ ಕೈಗಳಿಗೆ ಏಳು ಎಂದ. ಅವು ಚೀಲದ ಮೇಲೆ ಬೇರೆ ಯಾರವೋ ಎಂಬಂತೆ ಬಿದ್ದುಕೊಂಡಿದ್ದವು.

ನಿಲ್ದಾಣಗಳು ಬಂದವು, ಹೋದವು. ಅಕ್ಕ ನಿದ್ದೆ ಹೋದಳು. ನಿದ್ದೆಯಲ್ಲೂ ಅವಳ ಮುಷ್ಟಿ ಸಡಿಲವಾಗಲಿಲ್ಲ.

ಅವನ ತೊಡೆಯ ಮೇಲೆ ಚೀಲ ನಡುಗಿತು. ಒಂದು ಉದ್ದ, ಒಂದು ಗಿಡ್ಡ. ಇದ್ದೀಯಾ? ಬಟ್ಟೆಯ ಮೂಲಕ ಅವನದೇ ಬೆರಳು, ಅವನದೇ ಒತ್ತಡ, ಅವನದೇ ತಡವರಿಕೆ. ಇದ್ದೀಯಾ? ಇದ್ದೀಯಾ?

ಆಗ ಅವನ ಬಲಗೈಯ ಎರಡು ಬೆರಳುಗಳು ಎದ್ದು ಚೀಲವನ್ನು ಮೆಲ್ಲಗೆ ಎರಡು ಸಲ ತಟ್ಟಿದವು.

ಪಟ್ಟಿ ಸುಮ್ಮನಾಯಿತು.